34 ಡಿಗ್ರಿಯ ಚಾಕಲೇಟು, 42 ಡಿಗ್ರಿಯ ಬಳ್ಳಾರಿ

ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯ ಬೀದಿಯಲ್ಲಿ 42 ಡಿಗ್ರಿ. ಅಂಗಡಿಯಲ್ಲಿ ಮಗುವಿಗೆಂದು ಕೊಂಡ ದೊಡ್ಡ ಕಂಪನಿಯ ಚಾಕಲೇಟು ಮನೆ ಮುಟ್ಟುವುದರೊಳಗೆ ಕರಗಿ ಕವರಿಗೆ ಅಂಟಿರುತ್ತದೆ. ಅದೇ ಹೊತ್ತಿಗೆ ಪಕ್ಕದ ಬೇಕರಿಯ ಗಾಜಿನ ಕಪಾಟಿನಲ್ಲಿ ಕಪ್‌ಕೇಕ್‌ಗಳ ನೆತ್ತಿಯ ಮೇಲೆ ಚಾಕಲೇಟಿನ ಪದರ ಮಿರಮಿರ ಮಿಂಚುತ್ತ ಗಟ್ಟಿಯಾಗಿ ಕೂತಿರುತ್ತದೆ. ಎಸಿ ಇಲ್ಲ, ಫ್ಯಾನ್ ಮಾತ್ರ. ಎರಡಕ್ಕೂ ನಾವು ಕರೆಯುವುದು ಚಾಕಲೇಟು ಎಂದೇ. ಒಂದು ಹರಿಯಿತು, ಇನ್ನೊಂದು ನಿಂತಿತು.

ಈ ವ್ಯತ್ಯಾಸಕ್ಕೆ ಕಾರಣ ಸಕ್ಕರೆಯಲ್ಲ, ಹಾಲಲ್ಲ, ಬೇಕರಿಯವರ ಕೈಚಳಕವೂ ಅಲ್ಲ. ಕಾರಣ ಕೊಬ್ಬು. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳಲ್ಲಿ ಕಪ್‌ಕೇಕನ್ನು ಚೆನ್ನಾಗಿ ತಿನ್ನಬೇಕೆಂದರೆ ಈ ಕೊಬ್ಬಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಯಾವ ತಿಂಗಳಲ್ಲಿ ಏನು ಕೇಳಬೇಕು ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಕೋಕೋ ಕಾಯಿಯೊಳಗಿನ ಬೀಜವನ್ನು ಹುದುಗು ಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದರೆ ಗಾಢ ಕಂದು ಬಣ್ಣದ ಮುದ್ದೆ ಬರುತ್ತದೆ. ಅದರ ತೂಕದಲ್ಲಿ ಅರ್ಧದಷ್ಟು ಬರೀ ಕೊಬ್ಬು. ಅದೇ ಕೋಕೋ ಬಟರ್. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಕಂಪನಿ ಈ ಮುದ್ದೆಯನ್ನು ಯಂತ್ರದಲ್ಲಿ ಒತ್ತಿ ಕೊಬ್ಬನ್ನು ಬೇರೆ, ಪುಡಿಯನ್ನು ಬೇರೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಇವತ್ತಿನ ಬೇಕರಿ ಉದ್ಯಮ ಈ ಎರಡು ವಸ್ತುಗಳ ಮೇಲೆಯೇ ನಿಂತಿದೆ. ಕೇಕಿನ ಹಿಟ್ಟಿಗೆ ಪುಡಿ, ಒಳ್ಳೆಯ ಚಾಕಲೇಟಿಗೆ ಮುದ್ದೆಯ ಜೊತೆ ಇನ್ನಷ್ಟು ಕೋಕೋ ಬಟರ್. ಗಿಡ ನಮ್ಮ ರಾಜ್ಯದ್ದೂ ಹೌದು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಚಾಕಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ನೆರಳು, ತೇವ ಎರಡೂ ಬೇಕಾದ ಗಿಡ ಅದು. ನಮ್ಮ ಎರೆಹೊಲದ ಬಿಸಿಲಿಗೆ ಒಗ್ಗುವಂಥದ್ದಲ್ಲ. ಅದರ ಕೊಬ್ಬೂ ಅಷ್ಟೇ.

ತುಪ್ಪ ಕರಗುವುದನ್ನು ನೋಡಿದ್ದೀರಲ್ಲ, ಮೊದಲು ಅಂಚಿನಲ್ಲಿ ತಿಳಿಯಾಗುತ್ತದೆ, ನಡುವೆ ಹರಳು ಹರಳಾಗಿಯೇ ಉಳಿದಿರುತ್ತದೆ. ಬಗೆಬಗೆಯ ಕೊಬ್ಬಿನ ಅಣುಗಳು ಸೇರಿರುವುದರಿಂದ ಅದು ಹಂತಹಂತವಾಗಿ ಕರಗುತ್ತದೆ. ಕೋಕೋ ಬಟರ್ ಹಾಗಲ್ಲ. ಅದರಲ್ಲಿ ಮುಖ್ಯವಾಗಿ ಮೂರೇ ಬಗೆಯ ಕೊಬ್ಬಿನ ಆಮ್ಲಗಳಿವೆ: ಪಾಲ್ಮಿಟಿಕ್, ಸ್ಟಿಯರಿಕ್, ಓಲಿಯಿಕ್. ಜೋಡಣೆಯೂ ಹೆಚ್ಚುಕಡಿಮೆ ಒಂದೇ ತರಹ. ಹೀಗಾಗಿ 30 ಡಿಗ್ರಿಯವರೆಗೆ ಗಟ್ಟಿಯಾಗಿದ್ದು, 34ರ ಹೊತ್ತಿಗೆ ಪೂರ್ತಿ ನೀರಾಗಿಬಿಡುತ್ತದೆ. ನಮ್ಮ ಮೈಯ ಶಾಖ 37. ಬೆರಳಲ್ಲಿ ಹಿಡಿದಾಗ ಗಟ್ಟಿ, ನಾಲಿಗೆಯ ಮೇಲಿಟ್ಟ ಕೂಡಲೇ ದ್ರವ. ಕರಗುವಾಗ ಬಾಯಿಯ ಶಾಖವನ್ನು ಹೀರುವುದರಿಂದ ಸಣ್ಣಗೆ ತಂಪಿನ ಅನುಭವವೂ ಆಗುತ್ತದೆ. ಚಾಕಲೇಟಿನ ಸುಖದ ಅರ್ಧ ಭಾಗ ರುಚಿಯಲ್ಲ, ಈ ಮೂರ್ನಾಲ್ಕು ಡಿಗ್ರಿಯ ಆಟ.

ಆಟ ನಡೆಯಬೇಕೆಂದರೆ ಸುತ್ತಲಿನ ಗಾಳಿ 34ಕ್ಕಿಂತ ಸಾಕಷ್ಟು ಕೆಳಗಿರಬೇಕು. ಬೆಲ್ಜಿಯಂನಲ್ಲಿ ಅದು ಬಹುತೇಕ ವರ್ಷವಿಡೀ ಇರುತ್ತದೆ. ರಾಯಚೂರಿನಲ್ಲಿ ಮಾರ್ಚ್ ಮುಗಿಯುವುದರೊಳಗೆ ಗಾಳಿಯೇ ನಾಲಿಗೆಗಿಂತ ಬಿಸಿ.

ಇನ್ನೊಂದು ತೊಡಕಿದೆ. ಕೋಕೋ ಬಟರ್ ಗಟ್ಟಿಯಾಗುವುದು ಒಂದೇ ರೀತಿಯಲ್ಲಲ್ಲ, ಆರು ರೀತಿಯಲ್ಲಿ. ಎಪಿಎಂಸಿ ಗೋದಾಮಿನಲ್ಲಿ ಜೋಳದ ಚೀಲಗಳನ್ನು ಅಡ್ಡಾದಿಡ್ಡಿ ಎಸೆದರೂ ರಾಶಿಯಾಗುತ್ತದೆ, ಒಂದರ ಮೇಲೊಂದು ಬಿಗಿಯಾಗಿ ಅಟ್ಟಿ ಹಾಕಿದರೂ ರಾಶಿಯಾಗುತ್ತದೆ. ಆದರೆ ಕೈಯಿಟ್ಟರೆ ಮೊದಲನೆಯದು ಜಾರುತ್ತದೆ, ಎರಡನೆಯದು ಕದಲುವುದಿಲ್ಲ. ಕೋಕೋ ಬಟರಿನ ಅಣುಗಳೂ ಹಾಗೆಯೇ. ಸಡಿಲ ಜೋಡಣೆಯ ಹರಳುಗಳು 17, 23, 27 ಡಿಗ್ರಿಗೆಲ್ಲ ಕರಗಿಹೋಗುತ್ತವೆ. ಐದನೆಯ ಬಗೆಯ ಜೋಡಣೆ ಮಾತ್ರ 34ರ ಸುತ್ತ ಕರಗುತ್ತದೆ, ಮುರಿದರೆ ಟಕ್ ಎನ್ನುತ್ತದೆ, ಮೇಲ್ಮೈ ಹೊಳೆಯುತ್ತದೆ. ಅದೊಂದನ್ನೇ ಮೂಡಿಸುವ ಕೆಲಸಕ್ಕೆ ಟೆಂಪರಿಂಗ್ ಎನ್ನುತ್ತಾರೆ. ಡಾರ್ಕ್ ಚಾಕಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ ಹಳೆಯ ಹರಳುಗಳನ್ನೆಲ್ಲ ಅಳಿಸಬೇಕು. ಆಮೇಲೆ ಕಲಕುತ್ತ 27-28ಕ್ಕೆ ಇಳಿಸಬೇಕು. ಮತ್ತೆ 31-32ಕ್ಕೆ ಏರಿಸಿ ಬೇಡದ ಹರಳುಗಳನ್ನು ಕರಗಿಸಿ, ಬೇಕಾದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಹಾಲಿನ ಚಾಕಲೇಟಿಗೆ ಇವೆಲ್ಲ ಒಂದೆರಡು ಡಿಗ್ರಿ ಕಡಿಮೆ.

ಈಗ ಇದನ್ನು ನಮ್ಮೂರಿನ ಬೇಕರಿಯ ಒಳಮನೆಯಲ್ಲಿ ಮಾಡಿ ನೋಡಿ. ಒಂದು ಕಡೆ ಓವನ್ ಉರಿಯುತ್ತಿದೆ, ಮೇಲೆ ತಗಡಿನ ಶೀಟು, ಒಳಗಿನ ಗಾಳಿಯೇ 38-40. ಚಾಕಲೇಟನ್ನು 27ಕ್ಕೆ ಇಳಿಸುವುದು ಹೇಗೆ? ಐಸ್ ನೀರಿನ ಮೇಲೆ ಪಾತ್ರೆ ಇಡಬಹುದು. ಆದರೆ ಒಂದು ಹನಿ ನೀರು ಒಳಗೆ ಬಿದ್ದರೂ ಸಕ್ಕರೆ ಕಣಗಳು ತೇವ ಹೀರಿ ಒಂದಕ್ಕೊಂದು ಅಂಟಿಕೊಂಡು, ನುಣುಪಾದ ದ್ರವ ಕ್ಷಣದಲ್ಲಿ ಹಿಟ್ಟಿನಂತೆ ಬಿಗಿದುಬಿಡುತ್ತದೆ. ಹೇಗೋ ಟೆಂಪರ್ ಮಾಡಿ ಕೇಕಿನ ಮೇಲೆ ಸುರಿದರೂ 40 ಡಿಗ್ರಿಯಲ್ಲಿ ಅದು ಗಟ್ಟಿಯಾಗುವುದೇ ಇಲ್ಲ. ಕೆಲಸದ ಕೋಣೆಗೆ ಎಸಿ ಹಾಕದೆ ಬೇಸಿಗೆಯಲ್ಲಿ ಅಸಲಿ ಚಾಕಲೇಟಿನ ಕೆಲಸ ಇಲ್ಲಿ ಆಗುವ ಮಾತಲ್ಲ. ಹತ್ತು ರೂಪಾಯಿಯ ಕಪ್‌ಕೇಕ್ ಮಾರುವವರು ಆ ಕರೆಂಟ್ ಬಿಲ್ಲನ್ನು ಯಾರ ತಲೆಗೆ ಕಟ್ಟಬೇಕು?

ಉತ್ತರವಾಗಿ ಬಂದದ್ದು ಕಾಂಪೌಂಡ್. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಡಾರ್ಕ್ ಕಾಂಪೌಂಡ್, ಮಿಲ್ಕ್ ಕಾಂಪೌಂಡ್, ವೈಟ್ ಕಾಂಪೌಂಡ್ ಎಂದು ಸ್ಲ್ಯಾಬುಗಳಲ್ಲಿ ಸಿಗುವ ವಸ್ತು ಇದು. ಕೋಕೋ ಪುಡಿ ಅದೇ (ವೈಟ್‌ನಲ್ಲಿ ಮಾತ್ರ ಅದಿಲ್ಲ), ಸಕ್ಕರೆ ಅದೇ, ಕೊಬ್ಬು ಮಾತ್ರ ಬೇರೆ. ಕೋಕೋ ಬಟರಿನ ಜಾಗದಲ್ಲಿ ಸಾಮಾನ್ಯವಾಗಿ ತಾಳೆಬೀಜದ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು. ತೆಂಗಿನೆಣ್ಣೆಯ ದೂರದ ಸಂಬಂಧಿ ಅದು. ಎರಡರಲ್ಲೂ ಲಾರಿಕ್ ಆಮ್ಲ ಹೆಚ್ಚು. ಹೈಡ್ರೋಜನ್ ಹಾಯಿಸಿಯೋ, ಗಟ್ಟಿ ಭಾಗವನ್ನು ಬೇರ್ಪಡಿಸಿಯೋ ಅದರ ಕರಗುವ ಬಿಂದುವನ್ನು ಬೇಕಾದಷ್ಟು ಮೇಲೆ ತರಬಹುದು. ಆರು ಬಗೆಯ ಹರಳಿನ ರಗಳೆ ಇಲ್ಲ, ಟೆಂಪರಿಂಗ್ ಬೇಡ. ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿ ಕೇಕಿನ ಮೇಲೆ ಸುರಿದರೆ ತಾನಾಗಿ ಬಿಗಿಯುತ್ತದೆ. ಫ್ಯಾನಿನ ಕೆಳಗೆ 35-36 ಡಿಗ್ರಿಯಲ್ಲೂ ಗಟ್ಟಿಯಾಗಿ ನಿಂತದ್ದು ಇದೇ.

ಬೆಲೆಯೂ ಕಡಿಮೆ. ಪ್ರಪಂಚದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿ ಫಸಲು ಕೈಕೊಟ್ಟು 2024ರ ಡಿಸೆಂಬರಿನಲ್ಲಿ ಕೋಕೋ ಧಾರಣೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಸಣ್ಣ ಬೇಕರಿಗಳು ಕೋಕೋ ಬಟರ್ ಇರುವ ಚಾಕಲೇಟಿನಿಂದ ಇನ್ನಷ್ಟು ದೂರ ಸರಿಯಲು ಇಂಥ ಏರಿಳಿತವೇ ಸಾಕು.

ಹಾಗಾದರೆ ಇದು ಮೋಸವೇ? ಕೇಳಿದಾಗ ಸುಳ್ಳು ಹೇಳಿದರೆ ಮೋಸ, ಇಲ್ಲದಿದ್ದರೆ ಹವಾಮಾನಕ್ಕೆ ತಕ್ಕ ಆಯ್ಕೆ ಅಂತ ನನ್ನ ಎಣಿಕೆ. ನೇರವಾಗಿ ಕೇಳಿದರೆ ಹೆಚ್ಚಿನವರು ನೇರವಾಗಿಯೇ ಹೇಳುತ್ತಾರೆ. "ಇದು ಒರಿಜಿನಲ್ ಚಾಕಲೇಟ್ ಏನ್ರೀ ಅಣ್ಣಾ?" ಅಂದರೆ "ಕಾಂಪೌಂಡ್ ರೀ ಅಕ್ಕಾ, ಬ್ಯಾಸಿಗ್ಯಾಗ ಒರಿಜಿನಲ್ ನಿಲ್ಲಂಗಿಲ್ರಿ" ಎಂಬಂಥ ಉತ್ತರ ಬರುತ್ತದೆ. ಸಿಟ್ಟು ಬರಬೇಕಾದದ್ದು ಕಾಂಪೌಂಡ್ ಹಾಕಿ ಬೋರ್ಡಿನ ಮೇಲೆ 'ಬೆಲ್ಜಿಯನ್ ಚಾಕಲೇಟ್' ಎಂದು ಬರೆದು, ದುಡ್ಡೂ ಬೆಲ್ಜಿಯಂ ಲೆಕ್ಕದಲ್ಲೇ ವಸೂಲು ಮಾಡುವವರ ಮೇಲೆ.

ಗುರುತು ಹಿಡಿಯುವುದು ಕಷ್ಟವಲ್ಲ. ಪ್ಯಾಕೆಟ್ ಇದ್ದರೆ ಹಿಂದಿನ ಪಟ್ಟಿ ಓದಿ. ಕೋಕೋ ಬಟರ್ ಎಂಬ ಹೆಸರಿಲ್ಲದೆ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್. ಚಾಕಲೇಟ್ ಎಂದು ಕರೆಯುವ ವಸ್ತುವಿಗೆ ಬೇರೆ ಸಸ್ಯಜನ್ಯ ಕೊಬ್ಬನ್ನು 5 ಪ್ರತಿಶತ ಮೀರದಂತೆ ಸೇರಿಸಲು ನಮ್ಮ ದೇಶದ ಆಹಾರ ನಿಯಮ ಬಿಡುತ್ತದೆ, ಅದನ್ನು ಕವರಿನ ಮೇಲೆ ಬರೆಯಬೇಕು. ಪ್ಯಾಕೆಟ್ ಇಲ್ಲದ ಕಪ್‌ಕೇಕ್ ಆದರೆ ಬಾಯಿಯೇ ಪ್ರಯೋಗಶಾಲೆ. ಮೇಲಿನ ಪದರವನ್ನು ಮಾತ್ರ ಕಚ್ಚಿ, ಅಗಿಯದೆ ನಾಲಿಗೆಯ ಮೇಲಿಡಿ. ಕೋಕೋ ಬಟರ್ ಆದರೆ ತಂಪಾಗಿ ಕರಗಿ, ಹಿಂದೆ ಹುಳಿ-ಕಹಿಯ ಪರಿಮಳ ಬಿಟ್ಟು ಹೋಗುತ್ತದೆ. ಕಾಂಪೌಂಡ್ ಆದರೆ ಮೊದಲು ಸಿಹಿ ಹೊಡೆಯುತ್ತದೆ, ಆಮೇಲೆ ಬಾಯಿಯ ಅಂಗುಳಕ್ಕೆ ಮೇಣದಂಥ ಜಿಡ್ಡು ಹತ್ತಿಕೊಂಡು, ಬಿಸಿ ಚಹಾ ಕುಡಿಯುವವರೆಗೆ ಬಿಡುವುದಿಲ್ಲ. ಆರೋಗ್ಯದ ಪ್ರಶ್ನೆಯೂ ಇದೆ. ಹಳೆಯ ಕಾಲದ ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಹೆಚ್ಚಿರುತ್ತಿತ್ತು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು 2 ಪ್ರತಿಶತ ಮೀರಬಾರದೆಂಬ ಮಿತಿ ಬಂದಿದೆ. ಸ್ಯಾಚುರೇಟೆಡ್ ಕೊಬ್ಬಂತೂ ಕಾಂಪೌಂಡಿನಲ್ಲಿ ಇದ್ದೇ ಇದೆ. ದಿನಾ ತಿನ್ನುವ ವಸ್ತು ಅದಲ್ಲ.

ಚಾಕಲೇಟಿನ ಮೇಲೆ ಬೂದಿಬಣ್ಣದ ಮಚ್ಚೆ ಕಂಡು ಬೂಜು ಹಿಡಿದಿದೆ ಎಂದು ಎಸೆಯುವವರು ಬಹಳ. ಹೆಚ್ಚಿನ ಸಲ ಅದು ಬೂಜಲ್ಲ. ಮಧ್ಯಾಹ್ನ ಕರೆಂಟ್ ಹೋಗಿ ಫ್ರಿಜ್ಜಿನೊಳಗೆ ಅರೆಬರೆ ಕರಗಿದ ಚಾಕಲೇಟು ಸಂಜೆ ಕರೆಂಟ್ ಬಂದಾಗ ಟೆಂಪರಿಂಗ್ ಇಲ್ಲದೆ ಮತ್ತೆ ಗಟ್ಟಿಯಾಗುತ್ತದೆ. ಆಗ ಕೊಬ್ಬು ಮೇಲಕ್ಕೆ ಜಿನುಗಿ, ಬೇರೆ ಬಗೆಯ ಹರಳಾಗಿ ಬೆಳ್ಳಗೆ ಕಾಣುತ್ತದೆ. ಬೆರಳಿಂದ ಉಜ್ಜಿದರೆ ಜಿಡ್ಡು ಹತ್ತಿ ಮಾಯವಾದರೆ ಅದು ಕೊಬ್ಬಿನ ಮಚ್ಚೆ. ಒರಟಾಗಿ, ಒಣಗಿದಂತೆ ತಾಕಿದರೆ ಸಕ್ಕರೆಯದು: ತಣ್ಣನೆಯ ಚಾಕಲೇಟಿನ ಮೇಲೆ ಗಾಳಿಯ ತೇವ ಕೂತು, ಸಕ್ಕರೆ ಕರಗಿ, ನೀರು ಆರಿದ ಮೇಲೆ ಉಳಿದ ಕಲೆ. ನಮ್ಮ ಕಡೆ ಏಪ್ರಿಲ್-ಮೇ ಒಣ ಹವೆಯಲ್ಲಿ ಮೊದಲನೆಯದೇ ಹೆಚ್ಚು, ಮಳೆಗಾಲದಲ್ಲಿ ಎರಡನೆಯದು. ಎರಡನ್ನೂ ತಿನ್ನಬಹುದು. ರುಚಿ ಸ್ವಲ್ಪ ಸಪ್ಪೆ, ಅಪಾಯವಿಲ್ಲ. ನೂಲುನೂಲಾಗಿ, ಹಸಿರು ಛಾಯೆಯಲ್ಲಿ, ಮುಗ್ಗಲು ವಾಸನೆಯೊಂದಿಗೆ ಬಂದರೆ ಮಾತ್ರ ಅದು ಬೂಜು, ಆಗ ಯೋಚಿಸಬೇಡಿ, ಎಸೆಯಿರಿ.

ಇಷ್ಟೆಲ್ಲ ನೆತ್ತಿಯ ಮೇಲಿನ ಪದರದ ಮಾತು. ಕಪ್‌ಕೇಕಿನ ಒಡಲಿನಲ್ಲಿರುವ ಚಾಕಲೇಟಿಗೆ ಬಿಸಿಲಿನ ಭಯವಿಲ್ಲ. ಅಲ್ಲಿರುವುದು ಹೆಚ್ಚಾಗಿ ಕೋಕೋ ಪುಡಿ, ಅದರಲ್ಲಿ ಕೊಬ್ಬು ಹತ್ತು-ಹನ್ನೆರಡು ಪ್ರತಿಶತ ಮಾತ್ರ ಇರುವುದು ಸಾಮಾನ್ಯ, ಅದೂ ಮೈದಾದೊಳಗೆ ಬೆಂದು ಸೇರಿಹೋಗಿರುತ್ತದೆ. 42 ಡಿಗ್ರಿಯಿರಲಿ, ಅದರಲ್ಲಿ ಕರಗಿ ಹರಿಯುವಂಥದ್ದೇನೂ ಇಲ್ಲ. ಬೇಸಿಗೆಯಲ್ಲಿ ಚಾಕಲೇಟಿನ ನಿಜವಾದ ಘಮ ಬೇಕೆಂದರೆ ಮೇಲೆ ಏನೂ ಬಳಿಯದ, ಪೇಪರ್ ಕಪ್ಪಿನಲ್ಲಿ ಉಬ್ಬಿ ನಿಂತ ಸಾದಾ ಕೋಕೋ ಕಪ್‌ಕೇಕ್ ಕೇಳುವುದೇ ಜಾಣತನ. ನೋಡಲು ಬಡವ, ತಿನ್ನಲು ಸಾಹುಕಾರ.

ಕೋಕೋ ಪುಡಿಯಲ್ಲೂ ಎರಡು ಜಾತಿ. ಸಹಜ ಪುಡಿ ತಿಳಿಗಂದು, ಸ್ವಲ್ಪ ಹುಳಿ. ಕ್ಷಾರದಲ್ಲಿ ಹದಮಾಡಿದ ಡಚ್ ಪುಡಿ ಕಪ್ಪುಗಂದು, ಹುಳಿಯಿಲ್ಲ, ರುಚಿ ಮೆದು. ಅಡುಗೆ ಸೋಡಾ ಅನಿಲ ಬಿಡಬೇಕೆಂದರೆ ಹುಳಿ ಬೇಕು. ಸಹಜ ಪುಡಿ ಆ ಹುಳಿಯನ್ನು ತಾನೇ ಸ್ವಲ್ಪ ಕೊಡುತ್ತದೆ. ಡಚ್ ಪುಡಿ ಹಾಕಿದರೆ ಮೊಸರೋ, ವಿನೆಗರೋ, ಬೇಕಿಂಗ್ ಪೌಡರೋ ಬೇಕು. ಕಪ್‌ಕೇಕ್ ತಿಂದಮೇಲೆ ಬಾಯಲ್ಲಿ ಸಾಬೂನಿನಂಥ ಒಗರು ಉಳಿದರೆ ಹುಳಿ ಸಾಲದೆ ಸೋಡಾ ಮಿಕ್ಕಿದೆ ಎಂದರ್ಥ.

ಮೊಟ್ಟೆಯ ವಿಷಯಕ್ಕೆ ಬರೋಣ. ಬಳ್ಳಾರಿಯಲ್ಲಿ ಲಿಂಗಾಯತ, ಜೈನ, ಮಾರ್ವಾಡಿ ಮನೆಗಳು ಬಹಳವಾದ್ದರಿಂದ ಎಗ್‌ಲೆಸ್ ಎಂಬ ಬೋರ್ಡು ಇಲ್ಲಿ ಅಲಂಕಾರವಲ್ಲ, ವ್ಯಾಪಾರದ ಜೀವ. ಕೇಕಿನಲ್ಲಿ ಮೊಟ್ಟೆ ಮೂರು ಕೆಲಸ ಮಾಡುತ್ತದೆ: ಬಡಿದಾಗ ಗಾಳಿ ಹಿಡಿಯುತ್ತದೆ, ಬೆಂದಾಗ ಬಿಗಿದು ಗೋಡೆಯಾಗುತ್ತದೆ, ಎಣ್ಣೆ-ನೀರನ್ನು ಬೆರೆಸಿ ಇಡುತ್ತದೆ. ಅದನ್ನು ತೆಗೆದರೆ ಮೂರಕ್ಕೂ ಬೇರೆ ಬೇರೆ ಆಳು ಬೇಕು. ಗಾಳಿಗೆ ಮೊಸರು-ಸೋಡಾ, ಗೋಡೆಗೆ ಮೈದಾದ ಅಂಟು ಮತ್ತು ಹಾಲಿನ ಪ್ರೋಟೀನು, ಬೆರಕೆಗೆ ಕಂಡೆನ್ಸ್ಡ್ ಮಿಲ್ಕ್ ಅಥವಾ ಬೇಕರಿಯವರ ಕೇಕ್ ಜೆಲ್. ಇಲ್ಲಿಯೂ ಬಿಸಿಲು ಕೈಯಾಡಿಸುತ್ತದೆ. ಮೊಸರು-ಸೋಡಾ ಬೆರೆತ ಕೂಡಲೇ ಅನಿಲ ಏಳತೊಡಗುತ್ತದೆ. 40 ಡಿಗ್ರಿಯ ಒಳಮನೆಯಲ್ಲಿ ಇನ್ನೂ ಬೇಗ. ಕಲಸಿದ ಹಿಟ್ಟು ಓವನ್ ಖಾಲಿಯಾಗಲಿ ಎಂದು ಕಾದರೆ ಗುಳ್ಳೆಗಳು ಒಡೆದುಹೋಗಿ, ಬೆಂದ ಕಪ್‌ಕೇಕ್ ಕೆಳಗೆ ಅಂಟಂಟಾಗಿ, ಮೇಲೆ ಕುಳಿಬಿದ್ದು ಹೊರಬರುತ್ತದೆ. ಎಗ್‌ಲೆಸ್ ಕೇಕ್ ಭಾರವಾಗಿರುವುದಕ್ಕೆ ಮೊಟ್ಟೆ ಇಲ್ಲದಿರುವುದೇ ಕಾರಣ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಆ ಕಾಯುವಿಕೆ. ಎರಡು ಹಂತದಲ್ಲಿ ಕೆಲಸ ಮಾಡುವ ಬೇಕಿಂಗ್ ಪೌಡರ್ ಹಾಕುವವರು ಇದರಿಂದ ಪಾರಾಗುತ್ತಾರೆ, ಅದು ಉಳಿದ ಅನಿಲವನ್ನು ಓವನ್ನಿನ ಬಿಸಿ ತಾಗಿದ ಮೇಲೆ ಬಿಡುತ್ತದೆ.

ಕ್ರೀಮಿನ ಕಥೆ ಬೇರೆ. ಹಾಲಿನ ಕೆನೆಯಿಂದ ಬಡಿದ ಕ್ರೀಮು ನೊರೆಯಾಗಿ ನಿಲ್ಲಲು ತಂಪು ಬೇಕೇ ಬೇಕು. ಬಿಸಿಗೆ ಅದರೊಳಗಿನ ಬೆಣ್ಣೆಕಣಗಳು ಮೆತ್ತಗಾಗಿ ನೊರೆ ಕುಸಿಯುತ್ತದೆ. ಬೇಕರಿಗಳಲ್ಲಿ ಫ್ರೆಶ್ ಕ್ರೀಮ್ ಎಂದು ಕರೆಯುವುದು ಬಹುತೇಕ ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮ್. ಇನ್ನೂ ಹಿಂದೆ ಡಾಲ್ಡಾ-ಸಕ್ಕರೆ ಬಡಿದು ಮಾಡಿದ, ಗುಲಾಬಿ ಹೂವು ಬಿಡಿಸಿದ ಗಟ್ಟಿ ಬಟರ್ ಕ್ರೀಮು ಇತ್ತಲ್ಲ, ಹಲ್ಲಿಗೆ ಅಂಟುತ್ತಿದ್ದ ಅದಕ್ಕೂ ಕಾರಣ ನಮ್ಮ ಬಿಸಿಲೇ. ಡಿಸೆಂಬರ್ 31ರ ಸಂಜೆ ಬೇಕರಿಗಳ ಮುಂದೆ ಶಾಮಿಯಾನ ಹಾಕಿ, ಟೇಬಲ್ ತುಂಬ ಕ್ರೀಮ್ ಕೇಕ್ ಜೋಡಿಸಿ ಮಾರುವ ಸಂಭ್ರಮ ಸಾಧ್ಯವಾಗುವುದೂ ಅದು ಚಳಿಗಾಲವಾದ್ದರಿಂದ. ಹೊಸ ವರ್ಷ ಮೇ ತಿಂಗಳಲ್ಲಿ ಬಂದಿದ್ದರೆ ನಾವು ಮೈಸೂರು ಪಾಕಿನಲ್ಲೇ ಮುಗಿಸುತ್ತಿದ್ದೆವು.

ಜಾತ್ರೆ, ಉತ್ಸವ, ಆಹಾರ ಮೇಳಗಳ ಮಾತಿಗೂ ಇದೇ ಅಳತೆಗೋಲು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬನದ ಹುಣ್ಣಿಮೆ ಕಳೆದ ಮೇಲೆ, ಸಾಮಾನ್ಯವಾಗಿ ಜನವರಿಯಲ್ಲಿ. ಮಹಾದಾಸೋಹದ ರೊಟ್ಟಿ, ಮಾದಲಿ, ಮಿರ್ಚಿಯ ಮುಂದೆ ಕಪ್‌ಕೇಕಿಗೆ ಯಾವ ಲೆಕ್ಕ! ಆದರೂ ಜಾತ್ರೆಯ ಹೊರಬದಿಯ ಮಳಿಗೆಗಳಲ್ಲೋ, ಊರೊಳಗಿನ ಬೇಕರಿಯಲ್ಲೋ ಸಂಜೆ ಚಳಿಗೆ ಏನಾದರೂ ಚಾಕಲೇಟಿನದು ಬೇಕೆನಿಸಿದರೆ ಅದೇ ಸರಿಯಾದ ಕಾಲ. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವ ಆ ದಿನಗಳಲ್ಲಿ ಅಸಲಿ ಚಾಕಲೇಟೂ ನಿಲ್ಲುತ್ತದೆ, ಕ್ರೀಮೂ ನಿಲ್ಲುತ್ತದೆ. ಬಳ್ಳಾರಿಯಲ್ಲಿ ಈಗ ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳು ಕಾಲೇಜು ಮೇಳ, ಅಪಾರ್ಟ್‌ಮೆಂಟಿನ ಕಾರ್ಯಕ್ರಮಗಳಲ್ಲಿ ಸ್ಟಾಲ್ ಹಾಕುತ್ತಾರೆ. ಒಂದು ಕೋಣೆಗೆ ಎಸಿ ಹಾಕಿಕೊಂಡು ಆರ್ಡರಿಗೆ ತಕ್ಕಷ್ಟೇ ಮಾಡುವವರಿಗೆ ಕೋಕೋ ಬಟರ್ ಇರುವ ಚಾಕಲೇಟು ಬಳಸುವುದು ದೊಡ್ಡ ಬೇಕರಿಗಿಂತ ಸುಲಭ. ಅಂಥವರು ಗನಾಶ್ ಮಾಡುತ್ತಾರೆ, ಬಿಸಿ ಕೆನೆಯಲ್ಲಿ ಚಾಕಲೇಟು ಕರಗಿಸಿದ ಮಿಶ್ರಣ. ಚಳಿಗಾಲದಲ್ಲಿ ಕೆನೆ-ಚಾಕಲೇಟು ಸಮಸಮ. ಬೇಸಿಗೆಯಲ್ಲಿ ಒಂದು ಪಾಲು ಕೆನೆಗೆ ಎರಡು ಪಾಲು ಚಾಕಲೇಟು. ಅಷ್ಟಾದರೂ ಹೊರಗಿನ ಬಿಸಿಗೆ ಅದು ಬಹಳ ಹೊತ್ತು ತಾಳುವುದಿಲ್ಲ.

ಮೇಳದ ಸ್ಟಾಲಿನಲ್ಲಿ ಕೊಳ್ಳುವ ಮುಂಚೆ ನೋಡಬೇಕಾದದ್ದು ಅಲಂಕಾರವಲ್ಲ, ನೆರಳು. ಕ್ರೀಮ್ ಇರುವ ಕಪ್‌ಕೇಕ್ ಐಸ್ ಬಾಕ್ಸಿನಿಂದ ಬರುತ್ತಿದೆಯೋ, ಬೆಳಗಿನಿಂದ ಮೇಜಿನ ಮೇಲೇ ಇದೆಯೋ? ಹಾಲು, ಕೆನೆ ಬಿದ್ದ ತಿನಿಸು 32 ಡಿಗ್ರಿ ಮೀರಿದ ಹವೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಸ್ಟಾಲಿನಲ್ಲೋ ಡಬ್ಬಿಯ ಮೇಲೋ 14 ಅಂಕಿಯ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದರೆ ಒಳ್ಳೆಯದು. ಮನೆಯಲ್ಲಿ ಮಾಡಿ ಮಾರುವವರಿಗೂ ಆ ನೋಂದಣಿ ಬೇಕು. ಮೊಟ್ಟೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಪ್ಯಾಕೆಟ್ ಆದರೆ ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ, ಮೊಟ್ಟೆ ಸೇರಿದ ಕೇಕಿಗೂ ಅದೇ ಕಂದು.

ಕೊನೆಗೆ, ಮನೆಗೆ ಒಯ್ದದ್ದನ್ನು ಇಡುವ ಬಗೆ. ಕೇಕನ್ನು ಫ್ರಿಜ್ಜಿನಲ್ಲಿಟ್ಟರೆ ತಾಜಾ ಉಳಿಯುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಬೂಜು ತಡವಾಗುತ್ತದೆ, ಆದರೆ ಬೆಂದ ಮೈದಾದ ಪಿಷ್ಟ ಫ್ರಿಜ್ಜಿನ ತಂಪಿನಲ್ಲೇ ಅತಿ ಬೇಗ ಮತ್ತೆ ಬಿಗಿದುಕೊಂಡು ಕೇಕು ಒರಟಾಗುತ್ತದೆ. ಬೆಣ್ಣೆ ಹಾಕಿದ್ದಾದರೆ ಬೆಣ್ಣೆಯೂ ಹೆಪ್ಪುಗಟ್ಟಿ ಇನ್ನೂ ಗಟ್ಟಿ. ಎಣ್ಣೆ ಹಾಕಿದ ಕೇಕು ಅಷ್ಟು ಗಟ್ಟಿಯಾಗುವುದಿಲ್ಲ. ಸಾದಾ ಕಪ್‌ಕೇಕನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹೊರಗೇ ಇಟ್ಟು ಮರುದಿನದೊಳಗೆ ಮುಗಿಸಿ. ಕ್ರೀಮ್ ಇದ್ದದ್ದು ಫ್ರಿಜ್ಜಿಗೇ ಹೋಗಬೇಕು, ತಿನ್ನುವ ಹದಿನೈದು ನಿಮಿಷ ಮೊದಲು ಹೊರತೆಗೆಯಿರಿ. ಚಾಕಲೇಟು ಹೊರತೆಗೆದರೆ ಡಬ್ಬಿಯ ಮುಚ್ಚಳ ತಕ್ಷಣ ತೆರೆಯಬೇಡಿ, ತೇವ ಡಬ್ಬಿಯ ಹೊರಮೈಗೆ ಕೂರಲಿ, ಚಾಕಲೇಟಿನ ಮೇಲಲ್ಲ. ಮೇ ತಿಂಗಳಲ್ಲಿ ಬಳ್ಳಾರಿಯಿಂದ ಸಿರುಗುಪ್ಪಕ್ಕೋ ಕುರುಗೋಡಿಗೋ ಬಸ್ಸಿನಲ್ಲಿ ಒಯ್ಯುವುದಿದ್ದರೆ ಕ್ರೀಮಿನ ಆಸೆ ಬಿಟ್ಟು ಸಾದಾ ಕೋಕೋ ಕಪ್‌ಕೇಕನ್ನೇ ಕಟ್ಟಿಸಿಕೊಳ್ಳಿ. ಹನಿ (ಜೇನಿನ) ಕೇಕ್ ಆದರೂ ನಡೆದೀತು, ಡಬ್ಬಿ ವಾಲದಂತೆ ನೋಡಿಕೊಂಡರೆ ಆಯಿತು.